1,400 ಜನ ಆ್ಯಪ್ ಇಳಿಸಿಕೊಂಡರು, ಉಳಿದವರು 40: ತಪ್ಪು ಡಿಸೈನಿನದಾ, ಮಾರ್ಕೆಟಿಂಗಿನದಾ?

ಅಳತೆಟೇಪು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಅಮ್ಮ ಬೆಂಗಳೂರಿನ ಶ್ರೀನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟು 18 ವರ್ಷ ಆಯಿತು. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಕುಚ್ಚು. ಅವರ ಅಳತೆ ಪುಸ್ತಕ ನೋಡಿಯೇ ನನಗೆ ಈ ಯೋಚನೆ ಬಂದದ್ದು. ಆಫೀಸ್ ಮುಗಿಸಿ ಬಂದು ರಾತ್ರಿ ಹೊತ್ತು ಕೂತು ಎಂಟು ತಿಂಗಳಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದೆ. ಗಿರಾಕಿಯ ಅಳತೆ ಬರೆದಿಡಬಹುದು, ಆರ್ಡರ್ ಹಾಕಬಹುದು, ಬಿಲ್ ಕೊಡಬಹುದು. ಕನ್ನಡದಲ್ಲೂ ಇದೆ. ದುಡ್ಡು ಕೇಳುತ್ತಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಎರಡು ವಾರ ಜಾಹೀರಾತಿಗೆ 38,000 ರೂಪಾಯಿ ಹಾಕಿದೆ. ನನ್ನ ಉಳಿತಾಯದ ದುಡ್ಡು. 1,400 ಜನ ಇಳಿಸಿಕೊಂಡರು. ಈಗ ತೆರೆದು ನೋಡುವವರು 40 ಜನ ಇದ್ದರೆ ಜಾಸ್ತಿ. ಆಫೀಸಿನಲ್ಲಿ ಒಬ್ಬ ಗೆಳೆಯ ಡಿಸೈನ್ ಹಳೇದಾಗಿದೆ, ಬೇರೆ ಮಾಡಿಸು ಅನ್ನುತ್ತಾನೆ. ಇನ್ನೊಬ್ಬ ಡಿಸೈನ್ ಸರಿ ಇದೆ, ಇನ್ನೊಂದು ಲಕ್ಷ ಜಾಹೀರಾತಿಗೆ ಹಾಕು ಅನ್ನುತ್ತಾನೆ. ಎರಡಕ್ಕೂ ನನ್ನ ಹತ್ತಿರ ದುಡ್ಡಿಲ್ಲ. ಯಾವುದಕ್ಕೆ ಹಾಕಲಿ?

ಗಿರಿನಗರ ಕಾಫಿ:
ಆ್ಯಪ್ ತೆರೆದ ಕೂಡಲೇ ಏನು ಬರುತ್ತದೆ? ಮೊದಲು ಅದನ್ನು ಹೇಳಿ.

ಅಳತೆಟೇಪು:
ಮೊಬೈಲ್ ನಂಬರ್, ಓಟಿಪಿ. ಆಮೇಲೆ ಅಂಗಡಿ ಹೆಸರು, ವಿಳಾಸ, ಲೋಗೋ. ಆಮೇಲೆ ಕಾಂಟ್ಯಾಕ್ಟ್ಸ್ ಮತ್ತು ನೋಟಿಫಿಕೇಶನ್ ಪರ್ಮಿಷನ್. ಆಮೇಲೆ ಹೋಮ್ ಸ್ಕ್ರೀನ್.

ಗಿರಿನಗರ ಕಾಫಿ:
ಅಷ್ಟರಲ್ಲೇ ಅರ್ಧ ಜನ ಎದ್ದು ಹೋಗಿರುತ್ತಾರೆ. ಗಿರಾಕಿ ಎದುರಿಗೆ ನಿಂತಿದ್ದಾರೆ, ಟೈಲರ್ ಕೈಯಲ್ಲಿ ಟೇಪು ಇದೆ, ನೀವು ಲೋಗೋ ಕೇಳುತ್ತಿದ್ದೀರಿ. ಲೋಗೋ ಎಲ್ಲಿಂದ ತರುತ್ತಾರೆ? ಪುಸ್ತಕ ತೆರೆದರೆ ಖಾಲಿ ಹಾಳೆ ಸಿಗುತ್ತದೆ, ತಕ್ಷಣ ಬರೆಯಬಹುದು. ನಿಮ್ಮ ಆ್ಯಪ್ ಆ ಪುಸ್ತಕಕ್ಕಿಂತ ನಿಧಾನ ಆಗಿದೆ ಅಂದರೆ ಬಣ್ಣ ಬದಲಿಸಿ ಏನೂ ಆಗಲ್ಲ.

ನಾನು 11 ವರ್ಷದಿಂದ ಇದೇ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಲಾಗಿನ್ ಕೊನೆಗೆ ಹಾಕಿ. ಮೊದಲ ಆರ್ಡರ್ ಬರೆದು ಮುಗಿಸಿದ ಮೇಲೆ "ಫೋನ್ ಹಾಳಾದರೂ ಈ ಲೆಕ್ಕ ಉಳಿಯಬೇಕಾ? ನಂಬರ್ ಕೊಡಿ" ಅಂತ ಕೇಳಿ. ಆಗ ಕೊಡುತ್ತಾರೆ, ಯಾಕೆಂದರೆ ಉಳಿಸಿಕೊಳ್ಳೋಕೆ ಅವರ ಹತ್ತಿರ ಏನೋ ಒಂದು ಇರುತ್ತದೆ. ನೋಟಿಫಿಕೇಶನ್ ಕೂಡ ಹಾಗೇ. 2022ರಲ್ಲಿ ಆಂಡ್ರಾಯ್ಡ್ 13 ಬಂದಾಗಿನಿಂದ ಬಳಸುವವರು ಒಪ್ಪಿದರೆ ಮಾತ್ರ ನೋಟಿಫಿಕೇಶನ್ ಹೋಗುತ್ತದೆ. ಬಂದ ತಕ್ಷಣ ಕೇಳಿದರೆ ಎಲ್ಲರೂ ಬೇಡ ಅನ್ನುತ್ತಾರೆ. ಡೆಲಿವರಿ ತಾರೀಕು ಹಾಕುವಾಗ "ಹಿಂದಿನ ದಿನ ನೆನಪಿಸಲಾ?" ಅಂತ ಕೇಳಿ ನೋಡಿ.

ಕಾಂಟ್ಯಾಕ್ಟ್ಸ್ ಯಾಕೆ ಬೇಕು ನಿಮಗೆ? ನನಗೇ ಭಯ ಆಗುತ್ತದೆ. ಸಾಲ ಕೊಡುವ ಆ್ಯಪ್‌ಗಳು ಹೀಗೇ ನಂಬರ್ ಎತ್ತಿಕೊಂಡು ನೆಂಟರಿಗೆಲ್ಲ ಫೋನ್ ಮಾಡಿ ಕಾಟ ಕೊಟ್ಟದ್ದು ಎಲ್ಲರಿಗೂ ನೆನಪಿದೆ.

ಜಾಹೀರಾತು ಕೆಲಸ:
ಹಾಕಿದ್ದು ಗೂಗಲ್‌ನ ಆ್ಯಪ್ ಜಾಹೀರಾತಾ, ಅಂದರೆ ಆ್ಯಪ್ ಕ್ಯಾಂಪೇನಾ? ಗುರಿ ಏನು ಇಟ್ಟಿದ್ದಿರಿ, ಇನ್‌ಸ್ಟಾಲ್ ಅಂತಲೇ?

ಅಳತೆಟೇಪು:
ಹೌದು, ಇನ್‌ಸ್ಟಾಲ್.

ಜಾಹೀರಾತು ಕೆಲಸ:
ನೀವು ಇನ್‌ಸ್ಟಾಲ್ ಕೇಳಿದಿರಿ, ಅದು ಇನ್‌ಸ್ಟಾಲ್ ತಂದುಕೊಟ್ಟಿದೆ. ಏನು ಕಂಡರೂ ಇಳಿಸಿಕೊಳ್ಳುವವರು ಒಂದಷ್ಟು ಜನ ಇರುತ್ತಾರೆ, ಅಂಥವರನ್ನು ಹುಡುಕುವುದು ಅದಕ್ಕೆ ಅಗ್ಗ. ಆ 1,400ರಲ್ಲಿ ಟೈಲರ್‌ಗಳು ಎಷ್ಟು ಜನ ಅಂತ ನಿಮಗೂ ಗೊತ್ತಿಲ್ಲ ಅಲ್ವಾ? ಆ್ಯಪ್ ಒಳಗೆ ಒಂದು ಕೆಲಸ ಮುಗಿಸುವುದನ್ನು, ಉದಾಹರಣೆಗೆ ಮೊದಲ ಆರ್ಡರ್ ಹಾಕುವುದನ್ನು, ಗುರಿಯಾಗಿ ಇಡಬಹುದು. ಆಗ ಒಬ್ಬೊಬ್ಬರಿಗೆ ಬೀಳುವ ಖರ್ಚು ಜಾಸ್ತಿ, ಆದರೆ ಬರುವವರು ನಿಜವಾಗಿ ಬೇಕಾದವರು.

ಇನ್ನೊಂದು ವಿಷಯ. ಪ್ಲೇ ಸ್ಟೋರ್‌ನಲ್ಲಿ ನಿಮ್ಮದನ್ನು ಹುಡುಕಿದೆ. ಹೆಸರಿನಲ್ಲಿ ಟೈಲರ್ ಅನ್ನುವ ಪದವೇ ಇಲ್ಲ! ಹೆಸರಿಗೆ ಸಿಗುವುದು 30 ಅಕ್ಷರ, ಕಿರು ವಿವರಣೆಗೆ 80. ಅಷ್ಟರಲ್ಲಿ "ಟೈಲರ್", "ಬ್ಲೌಸ್", "ಆರ್ಡರ್" ಬರಲೇಬೇಕು, ಜನ ಹುಡುಕುವುದು ಅದನ್ನೇ. ಕನ್ನಡಕ್ಕೆ ಅಂತ ಬೇರೆ ಲಿಸ್ಟಿಂಗ್ (ಹೆಸರು, ವಿವರಣೆ ಇರುವ ಪುಟ) ಹಾಕುವುದಕ್ಕೂ ಅಲ್ಲಿ ಜಾಗ ಇದೆ, ನೀವು ಹಾಕಿಲ್ಲ. ಸ್ಕ್ರೀನ್‌ಶಾಟ್‌ಗಳೆಲ್ಲ ಇಂಗ್ಲಿಷ್. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಇವತ್ತೇ ಮಾಡಿ.

ಸಿಲ್ಕ್ ಬೋರ್ಡ್ ಸಿಗ್ನಲ್:
ನೆಂಟರು, ಫ್ರೆಂಡ್ಸ್ ಎಲ್ಲರಿಗೂ ಹೇಳಿ 5 ಸ್ಟಾರ್ ಹಾಕಿಸಿ. ರೇಟಿಂಗ್ ನೋಡಿಯೇ ಜನ ಇಳಿಸಿಕೊಳ್ಳುವುದು.

ಗಿರಿನಗರ ಕಾಫಿ:
ಬೇಡವೇ ಬೇಡ. ಬಳಸದೇ ಇರುವವರಿಂದ ರೇಟಿಂಗ್ ಹಾಕಿಸುವುದು, ಏನಾದರೂ ಕೊಟ್ಟು ಹಾಕಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಆ್ಯಪ್ಪೇ ಹೋಗಬಹುದು. ಹತ್ತನೇ ಆರ್ಡರ್ ಡೆಲಿವರಿ ಆದ ಮೇಲೆ ಆ್ಯಪ್ ಒಳಗೇ ರಿವ್ಯೂ ಕೇಳಲಿ. ಅಷ್ಟು ದೂರ ಬಂದವರು ನಿಜ ಹೇಳುತ್ತಾರೆ.

ಇಂದಿರಾನಗರ 100 ಅಡಿ:
ನೀವೆಲ್ಲ ಜಾಹೀರಾತನ್ನು ತುಂಬಾ ಕಡೆಗಣಿಸುತ್ತಿದ್ದೀರಿ. 2021ರಲ್ಲಿ ಒಂದು ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಕಾರಿನ ಸನ್‌ರೂಫ್‌ನಿಂದ ಎದ್ದು ನಿಂತು "ಇಂದಿರಾನಗರದ ಗೂಂಡಾ ನಾನು" ಅಂತ ಕೂಗಿದ್ದು ನೆನಪಿದೆಯಾ? ಒಂದೇ ದಿನಕ್ಕೆ ಇಡೀ ದೇಶ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ ಕ್ರೆಡ್ ಆ್ಯಪ್ ಹೆಸರು ಹೇಳಿತು.

ಜಾಹೀರಾತು ಕೆಲಸ:
ನೆನಪಿದೆ, ನಾನೂ ಹತ್ತು ಸಲ ನೋಡಿದ್ದೇನೆ. ಆದರೆ ಆ ಆ್ಯಪ್ ಸೇರೋಕೆ 750ಕ್ಕಿಂತ ಹೆಚ್ಚು ಕ್ರೆಡಿಟ್ ಸ್ಕೋರ್ ಬೇಕಿತ್ತು. ನೋಡಿದವರಲ್ಲಿ ಬಹಳ ಜನ ಒಳಗೆ ಹೋಗೋಕೇ ಆಗುತ್ತಿರಲಿಲ್ಲ. ಅವರಿಗೆ ಹೆಸರು ಎಲ್ಲರ ಬಾಯಲ್ಲಿ ಬರಬೇಕಿತ್ತು, ಅದಕ್ಕೆ ಬೇಕಾದಷ್ಟು ಬಂಡವಾಳವೂ ಇತ್ತು. ಇವರ ಹತ್ತಿರ ಇದ್ದದ್ದು 38,000. ಹೋಲಿಸಬೇಡಿ.

ಆಟೋ ಮೀಟರ್:
ಆಟೋ ಬುಕ್ ಮಾಡುವ ನಮ್ಮ ಯಾತ್ರಿ ಆ್ಯಪ್ ನೋಡಿ. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಬಂತು. ನನಗೆ ಅದು ಗೊತ್ತಾದದ್ದು ಯಾವ ಜಾಹೀರಾತಿನಿಂದಲೂ ಅಲ್ಲ. ಬನಶಂಕರಿಯಲ್ಲಿ ಹತ್ತಿದ ಆಟೋ ಡ್ರೈವರ್ ಅಣ್ಣ ಇಳಿಯುವಾಗ "ಸರ್, ಮುಂದಿನ ಸಲ ಇದರಲ್ಲಿ ಹಾಕಿ, ನಮಗೆ ಕಮಿಷನ್ ಕಟ್ ಆಗಲ್ಲ" ಅಂತ ಹೇಳಿ ತಾನೇ ನನ್ನ ಫೋನಿನಲ್ಲಿ ಇಳಿಸಿಕೊಟ್ಟರು. ಆಮೇಲೆ ಡ್ರೈವರ್‌ಗಳಿಗೆ ದಿನಕ್ಕೆ 25 ರೂಪಾಯಿ ಅಂತ ಶುಲ್ಕ ಬಂತು, ಆದರೂ ಕಮಿಷನ್ ಇಲ್ಲ ಅನ್ನುವ ಮಾತು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಯಾರಿಗೆ ಲಾಭವೋ ಅವರೇ ಹೇಳಿದರೆ ಜನ ನಂಬುತ್ತಾರೆ. ನಿಮ್ಮ ಆ್ಯಪ್‌ನಿಂದ ಲಾಭ ಯಾರಿಗೆ? ಅವರು ಯಾರಿಗೆ ಹೇಳುತ್ತಾರೆ?

ಹೊಲಿಗೆ ಮನೆ:
ನಾನು ಟೈಲರ್. ದಾಸರಹಳ್ಳಿ ಕಡೆ ಅಂಗಡಿ. ಮಗಳು ಈ ಚರ್ಚೆ ತೋರಿಸಿದಳು, ಅವಳ ಫೋನಿನಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಆ್ಯಪ್ ನಿನ್ನೆ ಹಾಕಿಕೊಂಡು ನೋಡಿದೆ ತಮ್ಮಾ. ಒಳ್ಳೆ ಮನಸ್ಸಿನಿಂದ ಮಾಡಿದ್ದೀರಿ, ಅದಕ್ಕೇ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಅಳತೆ ಬರೆಯೋಕೆ 14 ಜಾಗ ಇಟ್ಟಿದ್ದೀರಿ. ಎದೆ, ಸೊಂಟ, ಭುಜ, ತೋಳು, ಮುಂದಿನ ಕತ್ತು, ಹಿಂದಿನ ಕತ್ತು, ಎಲ್ಲಾ ಸರಿ ಇದೆ. ಆದರೆ ನನ್ನ ಅಂಗಡಿಗೆ ಹತ್ತು ಜನ ಬಂದರೆ ಏಳೆಂಟು ಜನ ಅಳತೆ ಬ್ಲೌಸ್ ತಂದು ಕೊಡುತ್ತಾರೆ. "ಅಕ್ಕಾ, ಇದೇ ಥರ, ಎದೆ ಮಾತ್ರ ಅರ್ಧ ಇಂಚು ಲೂಸ್ ಬಿಡಿ" ಅಂತ ಹೇಳಿ ಹೋಗುತ್ತಾರೆ. ಟೇಪೇ ಹಿಡಿಯಲ್ಲ. ಅವರಿಗೆ ನಾನು 14 ಜಾಗದಲ್ಲಿ ಏನು ತುಂಬಲಿ? ಖಾಲಿ ಬಿಟ್ಟರೆ ಆ್ಯಪ್ ಮುಂದಕ್ಕೆ ಹೋಗಲ್ಲ.

ನಮ್ಮ ನಿಜವಾದ ತಲೆನೋವು ಬೇರೆ. ಯಾರ ಬಟ್ಟೆ ಯಾವುದು, ಯಾವತ್ತು ಕೊಡಬೇಕು, ಅಡ್ವಾನ್ಸ್ ಎಷ್ಟು ಬಂದಿದೆ. ಬಟ್ಟೆಯ ಒಂದು ಚೂರು ಕತ್ತರಿಸಿ ಬಿಲ್ ಪುಸ್ತಕಕ್ಕೆ ಪಿನ್ ಹೊಡೆಯುತ್ತೇವೆ, ಆ ಚೂರು ನೋಡಿ ಗಿರಾಕಿ ಯಾರು ಅಂತ ಗೊತ್ತು ಮಾಡಿಕೊಳ್ಳುತ್ತೇವೆ. ಹಬ್ಬದ ಸಮಯದಲ್ಲಿ 60 ಬ್ಲೌಸ್ ಗುಡ್ಡೆ ಬಿದ್ದಿರುತ್ತದೆ. ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ನನಗೆ ಬೇಕಾದ್ದು "ಇವತ್ತು ಯಾವ್ಯಾವುದು ಕೊಡಬೇಕು" ಅಂತ. ನಿಮ್ಮ ಆ್ಯಪ್‌ನಲ್ಲಿ ಅದು ಮೂರು ಕಡೆ ಒತ್ತಿದ ಮೇಲೆ ಸಿಗುತ್ತದೆ.

ಮತ್ತೆ ವರಮಹಾಲಕ್ಷ್ಮಿಗೆ ಮುಂಚೆ ಜಾಹೀರಾತು ಹಾಕಿದೆ ಅಂದಿರಿ. ಶ್ರಾವಣದಲ್ಲಿ ನಮಗೆ ಊಟ ಮಾಡೋಕೆ ಪುರುಸೊತ್ತು ಇರಲ್ಲ. ಆಗ ಯಾರು ಹೊಸದು ಕಲಿಯುತ್ತಾರೆ? ಆಷಾಢದಲ್ಲಿ ಬಂದಿದ್ದರೆ ಕೂತು ನೋಡುತ್ತಿದ್ದೆವು.

ಗಿರಿನಗರ ಕಾಫಿ:
ಅಕ್ಕಾ, ಕೈ ಮುಗಿಯುತ್ತೇನೆ. ನಾವು ಹತ್ತು ಮೀಟಿಂಗ್ ಮಾಡಿದರೂ ಇದು ಸಿಗುತ್ತಿರಲಿಲ್ಲ.

ಆಟೋ ಮೀಟರ್:
ಆಷಾಢದ ಮಾತು ನಿಜ. ಬೇರೆ ಯಾವ ಊರಿನ ಮಾರ್ಕೆಟಿಂಗ್ ಪಾಠದಲ್ಲೂ ಇದು ಇರಲ್ಲ.

ಒತ್ತಕ್ಷರ:
ನಾನೂ ಇಳಿಸಿಕೊಂಡು ನೋಡಿದೆ. ಕನ್ನಡ ನೋಡಿ ಬೇಜಾರಾಯಿತು. "ಆದೇಶ ವಿತರಣಾ ದಿನಾಂಕ" ಅಂತೆ. ಯಾವ ಟೈಲರ್ ಆದೇಶ ತೆಗೆದುಕೊಳ್ಳುತ್ತಾರೆ? ಹೋಮ್ ಅನ್ನುವ ಕಡೆ "ಮನೆ" ಅಂತ ಇದೆ. ಮಷೀನ್ ಟ್ರಾನ್ಸ್‌ಲೇಶನ್‌ಗೆ ಹಾಕಿ ಹಾಗೇ ಅಂಟಿಸಿದ್ದೀರಿ ಅಂತ ಕಾಣುತ್ತದೆ. ಜೊತೆಗೆ ಬಟನ್ ಮೇಲೆ "ಮೊತ್ತ" ಅಂತ ಬರೆದಿರುವಲ್ಲಿ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗಿದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಪೆಟ್ಟಿಗೆ ಮಾಡಿದರೆ ನಮ್ಮ ಒತ್ತಕ್ಷರಕ್ಕೆ ಜಾಗ ಎಲ್ಲಿರುತ್ತದೆ? ಸಾಲಿನ ಎತ್ತರ ಹೆಚ್ಚಿಸಿ, ಪೆಟ್ಟಿಗೆಯ ಅಗಲ ಅಕ್ಷರಕ್ಕೆ ತಕ್ಕ ಹಾಗೆ ಬೆಳೆಯಲಿ.

ಸಿಲ್ಕ್ ಬೋರ್ಡ್ ಸಿಗ್ನಲ್:
ಕನ್ನಡ ಇದ್ದರೆ ಸಾಕು ಅಂತ ಏನಿಲ್ಲ. ಟ್ವಿಟರ್ ಥರದ ಕೂ ಆ್ಯಪ್ 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. 2024ರ ಜುಲೈನಲ್ಲಿ ಮುಚ್ಚಿಹೋಯಿತು.

ಒತ್ತಕ್ಷರ:
ಅದು ಮುಚ್ಚಿದ್ದು ಬಂಡವಾಳ ಸಿಗದೆ, ಬೇರೆ ಕಂಪನಿಗಳ ಜೊತೆ ನಡೆಸಿದ ಮಾತುಕತೆ ಮುರಿದುಬಿದ್ದು. ಕನ್ನಡದಿಂದ ಮುಚ್ಚಲಿಲ್ಲ. ಭಾಷೆ ಇದ್ದರೆ ಸಾಕು ಅಂತ ನಾನೂ ಹೇಳುತ್ತಿಲ್ಲ. ಅಂಗಡಿಯಲ್ಲಿ ಆಡುವ ಮಾತೇ ಸ್ಕ್ರೀನ್ ಮೇಲೆ ಇರಲಿ ಅನ್ನುತ್ತಿದ್ದೇನೆ. ಆರ್ಡರ್, ಡೆಲಿವರಿ, ಅಡ್ವಾನ್ಸ್, ಬಾಕಿ. ಇವೆಲ್ಲ ಈಗ ಕನ್ನಡವೇ.

ಮಲ್ಲೇಶ್ವರ 8ನೇ ಅಡ್ಡರಸ್ತೆ:
ಇದನ್ನು ನಾನು ಒಪ್ಪಲ್ಲ. ಎಲ್ಲದಕ್ಕೂ ಇಂಗ್ಲಿಷ್ ಪದ ಹಾಕುತ್ತಾ ಹೋದರೆ ಕನ್ನಡ ಆ್ಯಪ್ ಅಂತ ಯಾಕೆ ಕರೆಯಬೇಕು? "ಮುಂಗಡ" ಅಂದರೆ ಯಾರಿಗೆ ಅರ್ಥ ಆಗಲ್ಲ?

ಹೊಲಿಗೆ ಮನೆ:
ಮುಂಗಡ ಅರ್ಥ ಆಗುತ್ತದೆ ಸರ್. ಬಾಕಿಯೂ ಆಗುತ್ತದೆ. ಆದೇಶ ಅಂದಾಗ ಮಾತ್ರ ಕೋರ್ಟಿನಿಂದ ಬಂತೇನೋ ಅನ್ನಿಸಿತು.

ನೇರಳೆ ಮಾರ್ಗ:
ಇನ್ನೊಂದು ಪ್ರಶ್ನೆ. ಇದಕ್ಕೆ ಆ್ಯಪ್ಪೇ ಬೇಕಾ? ನಮ್ಮ ಮೆಟ್ರೋ 2022ರ ನವೆಂಬರ್ 1ರಂದು ವಾಟ್ಸಾಪ್‌ನಲ್ಲೇ ಕ್ಯೂಆರ್ ಟಿಕೆಟ್ ಕೊಡೋಕೆ ಶುರು ಮಾಡಿತು. ನಮ್ಮ ಅಪ್ಪ ಒಂದೂ ಹೊಸ ಆ್ಯಪ್ ಹಾಕಿಕೊಳ್ಳಲ್ಲ, ಆದರೆ ಟಿಕೆಟ್ ಅದರಲ್ಲೇ ತೆಗೆಯುತ್ತಾರೆ. ಮನೆಗೆ ಸಾಮಾನು ತಂದುಕೊಡುತ್ತಿದ್ದ ಡನ್ಜೋ ಕೂಡ ಇದೇ ಬೆಂಗಳೂರಿನಲ್ಲಿ ವಾಟ್ಸಾಪ್ ಮೂಲಕವೇ ಶುರುವಾದದ್ದು, ಆ್ಯಪ್ ಆಮೇಲೆ ಬಂತು. ಬಲವಂತವಾಗಿ ಆ್ಯಪ್ ಹಾಕಿಸಿದರೆ ಏನಾಗುತ್ತದೆ ಅಂತ ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಮಿಂತ್ರಾ ನೋಡಿದೆ. 2015ರಲ್ಲಿ ವೆಬ್‌ಸೈಟ್ ಮುಚ್ಚಿ ಆ್ಯಪ್ ಮಾತ್ರ ಅಂತ ಮಾಡಿದರು, 2016ರಲ್ಲಿ ವೆಬ್‌ಸೈಟ್ ವಾಪಸ್ ತಂದರು.

ರಾತ್ರಿ ಕೋಡ್:
ಗಿರಾಕಿಗೆ ಆ್ಯಪ್ ಬೇಡ, ಟೈಲರ್‌ಗೆ ಬೇಕು. ಎರಡನ್ನೂ ಸೇರಿಸಬೇಡಿ. ಟೈಲರ್ ಅಕ್ಕ 60 ಆರ್ಡರ್ ನೋಡಬೇಕು, ತಾರೀಕಿನ ಪ್ರಕಾರ ಜೋಡಿಸಬೇಕು. ವಾಟ್ಸಾಪ್ ಚಾಟ್ ಒಳಗೆ ಅದು ಕಳೆದುಹೋಗುತ್ತದೆ. ಆದರೆ ಬ್ಲೌಸ್ ರೆಡಿ ಆದಾಗ ಗಿರಾಕಿಗೆ ಸುದ್ದಿ ವಾಟ್ಸಾಪ್‌ನಲ್ಲೇ ಹೋಗಲಿ. ಆ್ಯಪ್‌ನಲ್ಲಿ "ರೆಡಿ" ಒತ್ತಿದರೆ ಮೆಸೇಜ್ ಬರೆದೇ ತೆರೆದುಕೊಳ್ಳುವ ಹಾಗೆ ಮಾಡುವುದು ಸುಲಭ, ಒಂದು ಲಿಂಕ್ ಅಷ್ಟೆ. ಕಾಂಟ್ಯಾಕ್ಟ್ಸ್ ಪರ್ಮಿಷನ್ ಬೇಕಾಗಿಲ್ಲ. ಮೆಸೇಜ್ ಕೆಳಗೆ ನಿಮ್ಮ ಆ್ಯಪ್ ಹೆಸರು ಹಾಕಿ, ಅದೇ ಮಾರ್ಕೆಟಿಂಗ್.

ಹೊಲಿಗೆ ಮನೆ:
ನನ್ನ ಗಿರಾಕಿಗೆ ಹೋಗುವ ಮೆಸೇಜ್‌ನಲ್ಲಿ ನನ್ನ ಅಂಗಡಿ ಹೆಸರು ಇರಬೇಕು. ಬೇರೆಯವರ ಜಾಹೀರಾತು ನಾನು ಕಳಿಸಲ್ಲ.

ಜಾಹೀರಾತು ಕೆಲಸ:
ಅಕ್ಕ ಹೇಳಿದ್ದೇ ಸರಿ. ಗಿರಾಕಿಗಳು ಟೈಲರ್‌ಗಳಲ್ಲ, ಅವರಿಗೆ ಆ್ಯಪ್ ಹೆಸರು ತೋರಿಸಿ ಉಪಯೋಗವೂ ಇಲ್ಲ. ಒಬ್ಬ ಟೈಲರ್ ಇನ್ನೊಬ್ಬ ಟೈಲರ್‌ಗೆ ತೋರಿಸುವ ಜಾಗ ಎಲ್ಲಿದೆ? ಅದನ್ನು ಹುಡುಕಬೇಕು.

ಹೊಲಿಗೆ ಮನೆ:
ಮ್ಯಾಚಿಂಗ್ ಸೆಂಟರ್. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಫಾಲ್ಸ್ ತರೋಕೆ ಎಲ್ಲಾ ಟೈಲರ್‌ಗಳೂ ಅಲ್ಲಿಗೇ ಬರುತ್ತಾರೆ. ಲೈನಿಂಗ್ ಬಣ್ಣ ನೋಡುತ್ತಾ ಅರ್ಧ ಗಂಟೆ ನಿಂತಿರುತ್ತೇವೆ, ಕಷ್ಟಸುಖ ಎಲ್ಲಾ ಅಲ್ಲೇ ಮಾತಾಡುವುದು. ಚಿಕ್ಕಪೇಟೆಗೆ ಹೋಗಬೇಕಾಗಿಲ್ಲ, ಪ್ರತಿ ಬಡಾವಣೆಯಲ್ಲೂ ಒಂದೆರಡು ಇರುತ್ತವೆ. ಈಗ ಪಕ್ಷಮಾಸ, ಕೆಲಸ ಕಮ್ಮಿ ಇದೆ. ದಸರಾ ಶುರುವಾದರೆ ಯಾರೂ ಮಾತಿಗೆ ಸಿಗಲ್ಲ.

ಜಾಹೀರಾತು ಕೆಲಸ:
38,000 ರೂಪಾಯಿಯ ಉತ್ತರ ಇಲ್ಲಿದೆ.

ಮಾಗಡಿ ರಸ್ತೆ:
ಎಲ್ಲರೂ ಇಷ್ಟೊಂದು ಬರೆದಿದ್ದೀರಿ, ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅಳತೆಟೇಪು ಅವರೇ, ನಿಮ್ಮ ಅಮ್ಮ ಈ ಆ್ಯಪ್ ಬಳಸುತ್ತಾರಾ?

ರಾತ್ರಿ ಕೋಡ್:
ಹೌದು ಗುರು, ಅದು ಮುಖ್ಯ.

ಅಳತೆಟೇಪು:
ಎರಡು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಬಳಸಲ್ಲ. ಮೊದಲ ವಾರ ನನಗೋಸ್ಕರ ನಾಲ್ಕು ಆರ್ಡರ್ ಹಾಕಿದರು. ಆಮೇಲೆ ಪುಸ್ತಕಕ್ಕೇ ವಾಪಸ್ ಹೋದರು. ಕೇಳಿದಾಗಲೆಲ್ಲ "ಚೆನ್ನಾಗಿದೆ ಕಣೋ, ಪುರುಸೊತ್ತು ಸಿಗಲಿಲ್ಲ" ಅನ್ನುತ್ತಿದ್ದರು. ನಾನು ಅದನ್ನು ನಂಬಿದೆ.

ನಿನ್ನೆ ರಜೆ ಹಾಕಿ ಇಡೀ ದಿನ ಅವರ ಅಂಗಡಿಯಲ್ಲಿ ಸುಮ್ನೆ ಕೂತೆ. ಏನೂ ಹೇಳಲಿಲ್ಲ, ನೋಡಿದೆ. 19 ಜನ ಬಂದರು. ಟೇಪು ಹಿಡಿದದ್ದು ನಾಲ್ಕು ಸಲ. ಅಳತೆ ತೆಗೆಯುವಾಗ ಎರಡೂ ಕೈ ಗಿರಾಕಿಯ ಮೇಲೆ, ಸೀಮೆಸುಣ್ಣ ಬೆರಳಲ್ಲಿ, ಅಳತೆಯನ್ನು ಬಾಯಲ್ಲಿ ಹೇಳುತ್ತಾರೆ, ಹೆಲ್ಪರ್ ಹುಡುಗಿ ಬರೆದುಕೊಳ್ಳುತ್ತಾಳೆ. ಅಂದರೆ ಫೋನ್ ಹಿಡಿಯಬೇಕಾದವರು ಅಮ್ಮ ಅಲ್ಲ, ಆ ಹುಡುಗಿ. 17 ಜನದ ಬಟ್ಟೆಯ ಚೂರಿಗೆ ಪಿನ್ ಹೊಡೆದರು. ಹೊಲಿಗೆ ಮನೆ ಅಕ್ಕ ಹೇಳಿದ್ದು ಅಕ್ಷರ ಅಕ್ಷರ ನಿಜ. ಎಂಟು ತಿಂಗಳು ನಾನು ಇದೇ ಮನೆಯಲ್ಲಿ ಕೂತು ಕೋಡ್ ಬರೆದೆ, ಅಂಗಡಿಗೆ ಒಂದು ದಿನ ಹೋಗಿ ಕೂರಲಿಲ್ಲ. ಅದು ನನ್ನನ್ನು ತುಂಬಾ ಚುಚ್ಚುತ್ತಿದೆ.

ಗಿರಿನಗರ ಕಾಫಿ:
ಚುಚ್ಚಲಿ ಬಿಡಿ, ಆದರೆ ನಿಲ್ಲಬೇಡಿ. ಈಗ ನಿಮ್ಮ ಹತ್ತಿರ ಡಿಸೈನ್ ಇದೆ. ಆ್ಯಪ್ ತೆರೆದರೆ "ಇವತ್ತು ಕೊಡಬೇಕಾದ್ದು". ಕೆಳಗೆ ಒಂದೇ ದೊಡ್ಡ ಬಟನ್, ಕ್ಯಾಮೆರಾ. ಬಟ್ಟೆಯ ಫೋಟೋ ತೆಗೆದರೆ ಅದೇ ಆರ್ಡರ್. ತಾರೀಕು, ಗಿರಾಕಿ ಹೆಸರು, ಅಡ್ವಾನ್ಸ್. ಅಳತೆ ಬೇಕಾದವರಿಗೆ ಮಾತ್ರ. ಬಟನ್ ಗಾತ್ರ 48 ಡಿಪಿಗಿಂತ (ಸ್ಕ್ರೀನ್ ಮೇಲಿನ ಅಳತೆಯ ಲೆಕ್ಕ) ಕಮ್ಮಿ ಬೇಡ ಅನ್ನುವುದು ಆಂಡ್ರಾಯ್ಡ್‌ನ ಸಲಹೆ, ನೀವು ಅದಕ್ಕಿಂತ ದೊಡ್ಡದೇ ಇಡಿ. ಡಿಸೈನರ್‌ಗೆ ದುಡ್ಡು ಕೊಡಬೇಡಿ, ಬಣ್ಣ, ಐಕಾನ್ ನಾನು ನೋಡಿಕೊಡುತ್ತೇನೆ.

ಒತ್ತಕ್ಷರ:
ಕನ್ನಡ ಪದಗಳನ್ನು ನಾನು ತಿದ್ದಿಕೊಡುತ್ತೇನೆ. ಮುಂಗಡ ಅಂತಲೇ ಹಾಕೋಣ, ಮಲ್ಲೇಶ್ವರದವರು ಗೆದ್ದರು.

ಇಂದಿರಾನಗರ 100 ಅಡಿ:
ಫೋಟೋ ಜಾಸ್ತಿ ಆದರೆ ಫೋನ್ ತುಂಬಿಹೋಗುತ್ತದೆ. ಅಂಗಡಿಗಳಲ್ಲಿ ಇರುವುದು ಹಳೇ ಫೋನ್.

ರಾತ್ರಿ ಕೋಡ್:
ಫೋಟೋ ಕುಗ್ಗಿಸಿ ಇಡಬೇಕು, ಬಟ್ಟೆ ಗುರುತು ಸಿಕ್ಕರೆ ಸಾಕು. ಡೆಲಿವರಿ ಆಗಿ ಒಂದು ತಿಂಗಳಾದ ಮೇಲೆ ಅಳಿಸಲಾ ಅಂತ ಕೇಳಲಿ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯಬೇಕು, ಇದು ಕಡ್ಡಾಯ.

ಅಳತೆಟೇಪು:
ಎರಡೂವರೆ ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೊಸದು ತಯಾರಾಯಿತು. ಲಾಗಿನ್ ಇಲ್ಲದೇ ಶುರುವಾಗುತ್ತದೆ. ಪಕ್ಷಮಾಸದ ಕೊನೆಯ ನಾಲ್ಕು ದಿನ ಸಂಜೆ ಶ್ರೀನಗರ, ಹನುಮಂತನಗರದ ಮೂರು ಮ್ಯಾಚಿಂಗ್ ಸೆಂಟರ್‌ಗಳಲ್ಲಿ ನಿಂತೆ. ಒಬ್ಬ ಮಾಲೀಕರು ಮೊದಲು ಒಪ್ಪಲಿಲ್ಲ. ಅಮ್ಮ ಅವರ ಹಳೇ ಗಿರಾಕಿ, ಅಮ್ಮನೇ ಬಂದು ಮಾತಾಡಿದರು. ತಮ್ಮ ಫೋನ್ ತೆಗೆದು, ಬಟ್ಟೆಯ ಫೋಟೋ ತೆಗೆದು, ಅಲ್ಲೇ ನಿಂತಿದ್ದ ಇಬ್ಬರು ಟೈಲರ್‌ಗಳಿಗೆ ತಾವೇ ತೋರಿಸಿದರು. ನಾನು ಬಾಯಿ ಬಿಡಲಿಲ್ಲ.

ಒಟ್ಟು 26 ಟೈಲರ್‌ಗಳು ಹಾಕಿಕೊಂಡರು. ದಸರಾ ರಶ್‌ನಲ್ಲೂ 17 ಜನ ದಿನಾ ತೆರೆಯುತ್ತಿದ್ದಾರೆ. ಮೂವರ ಹೆಸರು ನಾನು ಕೇಳೇ ಇಲ್ಲ, ಬೇರೆ ಟೈಲರ್ ಹೇಳಿ ಹಾಕಿಕೊಂಡವರು. ಖರ್ಚು ಕಾಫಿ, ಪೆಟ್ರೋಲ್.

ಆಟೋ ಮೀಟರ್:
ಆ ಮೂವರೇ ಮುಖ್ಯ. ಅವರನ್ನು ಹೋಗಿ ನೋಡಿ.

ಹೊಲಿಗೆ ಮನೆ:
ನಾನೂ ಹೊಸದು ಹಾಕಿಕೊಂಡೆ ತಮ್ಮಾ. ಬೆಳಗ್ಗೆ ತೆಗೆದರೆ ಇವತ್ತಿನ ಬ್ಲೌಸ್ ಎಲ್ಲಾ ಸಾಲಾಗಿ ಕಾಣುತ್ತದೆ, ತುಂಬಾ ಸಂತೋಷ ಆಯಿತು. ಒಂದು ಕೊರತೆ ಇದೆ. ಗಿರಾಕಿ ಲೈನಿಂಗ್ ಬಟ್ಟೆ ತಾವೇ ಕೊಟ್ಟಿದ್ದಾರಾ, ನಾವು ಹಾಕಬೇಕಾ ಅಂತ ಬರೆಯೋಕೆ ಜಾಗ ಇಲ್ಲ. ಜಗಳ ಬರುವುದೇ ಅಲ್ಲಿ.

ಅಳತೆಟೇಪು:
ಅಮ್ಮನೂ ನಿನ್ನೆ ಇದನ್ನೇ ಕೇಳಿದರು ಅಕ್ಕಾ. ಇವತ್ತು ರಾತ್ರಿ ಹಾಕುತ್ತೇನೆ.